ಜಗತ್ತಿನ ಪ್ರದೇಶವಿಂಗಡಣೆ ಮತ್ತು ಕಾಲೇಜು ಬೋಧನೆ: ಪ್ರಾದೇಶಿಕ ಭೂಗೋಳಶಾಸ್ತ್ರದ ಚಾರಿತ್ರಿಕ ಅವಲೋಕನ

ಪೀಠಿಕೆ

ಭೂಗೋಳಶಾಸ್ತ್ರವನ್ನು ಒಂದು ವಿಷಯವಾಗಿ ಆರಿಸಿಕೊಂಡ ಪದವಿ ವಿದ್ಯಾರ್ಥಿಯು ಸಾಮಾನ್ಯವಾಗಿ ಎರಡು ಬಗೆಯ ಪತ್ರಿಕೆಗಳನ್ನು ಓದುತ್ತಾನೆ. ಮೊದಲನೆಯ ಬಗೆಯಲ್ಲಿ ಭೂಸ್ವರೂಪ, ವಾಯುಗುಣ, ಜನಸಂಖ್ಯೆ, ಕೃಷಿ, ಕೈಗಾರಿಕೆ ಮುಂತಾದವು ಒಂದೊಂದಾಗಿ ಜಗತ್ತಿನಾದ್ಯಂತ ಪರಿಶೀಲನೆಗೆ ಒಳಗಾಗುತ್ತವೆ. ಎರಡನೆಯ ಬಗೆಯಲ್ಲಿ ಜಗತ್ತನ್ನೇ ಭಾಗಗಳಾಗಿ ವಿಂಗಡಿಸಿ, ಒಂದೊಂದು ಭಾಗದಲ್ಲಿ ಈ ಎಲ್ಲ ಅಂಶಗಳೂ ಹೇಗೆ ಒಟ್ಟಾಗಿ ನೆಲೆಗೊಂಡಿವೆ ಎಂಬುದನ್ನು ಅಭ್ಯಾಸ ಮಾಡಲಾಗುತ್ತದೆ. ಈ ಎರಡನೆಯದೇ ಪ್ರಾದೇಶಿಕ ಭೂಗೋಳ. ಮಾನ್ಸೂನ್ ಏಷ್ಯಾ, ಪಶ್ಚಿಮ ಯುರೋಪ್, ಲ್ಯಾಟಿನ್ ಅಮೆರಿಕ, ಸಹರಾದ ದಕ್ಷಿಣದ ಆಫ್ರಿಕಾ ಎಂಬಂತಹ ಅಧ್ಯಾಯಗಳು ಪಠ್ಯಪುಸ್ತಕದಲ್ಲಿ ನದಿ ಪರ್ವತಗಳಷ್ಟೇ ಸಹಜವಾದ ವಸ್ತುಗಳೆಂಬಂತೆ ಕಾಣಿಸಿಕೊಳ್ಳುತ್ತವೆ. ವಿದ್ಯಾರ್ಥಿಯು ಅವುಗಳ ಮೇರೆಗಳನ್ನು ಭೂಪಟದಲ್ಲಿ ಗುರುತಿಸಿ, ಪರೀಕ್ಷೆಯಲ್ಲಿ ಬರೆದು ಮುಂದೆ ಸಾಗುತ್ತಾನೆ.

ಆದರೆ ಈ ಮೇರೆಗಳನ್ನು ಎಳೆದವರು ಯಾರು, ಯಾವ ಕಾಲದಲ್ಲಿ, ಯಾವ ಪ್ರಯೋಜನಕ್ಕಾಗಿ ಎಂಬ ಪ್ರಶ್ನೆ ಪಠ್ಯದಲ್ಲಿ ಏಳುವುದು ವಿರಳ. ಪ್ರಾದೇಶಿಕ ಭೂಗೋಳವು ಕಾಲೇಜು ವಿಷಯವಾಗಿ ಬೆಳೆದುಬಂದ ಚರಿತ್ರೆಯನ್ನು ಅವಲೋಕಿಸಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪ್ರದೇಶವೆಂಬುದು ನಿಸರ್ಗವು ಕೊಟ್ಟ ಸಿದ್ಧವಸ್ತುವಲ್ಲ. ಅದು ನೋಡುವವನು ನಿಂತ ನೆಲೆಯಿಂದ ಮತ್ತು ಅವನ ಉದ್ದೇಶದಿಂದ ರೂಪುಗೊಳ್ಳುವ ವಿಂಗಡಣೆ. ಹಾಗೆಂದು ಅದು ತ್ಯಾಜ್ಯವೂ ಅಲ್ಲ. ಸಂಶೋಧನೆಯ ಕ್ಷೇತ್ರದಲ್ಲಿ ಪದೇ ಪದೇ ತಿರಸ್ಕೃತವಾದ ಈ ಅಧ್ಯಯನಕ್ರಮವು ತರಗತಿಯಲ್ಲಿ ಇಂದಿಗೂ ಉಳಿದುಬಂದಿರುವುದಕ್ಕೆ ಬಲವಾದ ಕಾರಣವಿದೆ.

ವರೇನಿಯಸ್‌ನಿಂದ ರಿಟ್ಟರ್‌ವರೆಗೆ

ಸಾಮಾನ್ಯ ಭೂಗೋಳ ಮತ್ತು ವಿಶೇಷ ಭೂಗೋಳ ಎಂಬ ವಿಭಜನೆಗೆ ಆಧುನಿಕ ಯುರೋಪಿನಲ್ಲಿ ಖಚಿತ ರೂಪವನ್ನು ಕೊಟ್ಟವನು ಬರ್ನ್‌ಹಾರ್ಡ್ ವರೇನಿಯಸ್ (1622-1650). ಅವನ ‘ಜಿಯೋಗ್ರಾಫಿಯಾ ಜನರಾಲಿಸ್’ ಗ್ರಂಥವು 1650ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರಕಟವಾಯಿತು. ಇಡೀ ಭೂಮಿಗೆ ಅನ್ವಯಿಸುವ ನಿಯಮಗಳನ್ನು ಸಾಮಾನ್ಯ ಭೂಗೋಳವೆಂದೂ ಒಂದೊಂದು ದೇಶದ ವಿವರಣೆಯನ್ನು ವಿಶೇಷ ಭೂಗೋಳವೆಂದೂ ಅವನು ಕರೆದನು. ಇದಕ್ಕೆ ಒಂದು ವರ್ಷ ಮೊದಲೇ ಅವನು ಜಪಾನನ್ನು ಕುರಿತು ಒಂದು ವಿವರಣಾತ್ಮಕ ಗ್ರಂಥವನ್ನು ಪ್ರಕಟಿಸಿದ್ದನೆಂಬುದು ಗಮನಾರ್ಹ. ಆಮ್‌ಸ್ಟರ್‌ಡ್ಯಾಮ್ ಆಗ ಪೂರ್ವದೇಶಗಳ ವ್ಯಾಪಾರದ ಕೇಂದ್ರವಾಗಿತ್ತು. ದೂರದೇಶಗಳ ವಿವರ ವರ್ತಕರಿಗೆ ಬೇಕಾಗಿತ್ತು. ನಿಯಮಗಳು ವಿದ್ವಾಂಸರಿಗೆ ಬೇಕಾಗಿದ್ದವು. ಐಸಾಕ್ ನ್ಯೂಟನ್ 1672ರಲ್ಲಿ ಕೇಂಬ್ರಿಜ್‌ನಲ್ಲಿ ಸಂಪಾದಿಸಿ ಹೊರತಂದದ್ದು ಸಾಮಾನ್ಯ ಭೂಗೋಳದ ಗ್ರಂಥವನ್ನು. ನಿಯಮವು ಶಾಸ್ತ್ರ, ಪ್ರದೇಶವು ಕೇವಲ ವಿವರಣೆ ಎಂಬ ತಾರತಮ್ಯದ ಬೀಜ ಈ ಕಾಲಕ್ಕಾಗಲೇ ಬಿದ್ದಿತ್ತು.

ಹದಿನೆಂಟನೆಯ ಶತಮಾನದಲ್ಲಿ ಇಮ್ಯಾನುಯೆಲ್ ಕಾಂಟ್ ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ 1756ರಿಂದ 1796ರವರೆಗೆ ಪ್ರಾಕೃತಿಕ ಭೂಗೋಳವನ್ನು ಬೋಧಿಸಿದನು. ತನ್ನ ಪ್ರಾಂತ್ಯವನ್ನು ದಾಟಿ ದೂರ ಹೋಗದ ಈ ತತ್ತ್ವಜ್ಞಾನಿಯು ನಾಲ್ಕು ದಶಕಗಳ ಕಾಲ ಪ್ರವಾಸಕಥನಗಳ ಆಧಾರದಿಂದ ಜಗತ್ತಿನ ದೇಶಗಳನ್ನು ವಿದ್ಯಾರ್ಥಿಗಳ ಮುಂದಿಟ್ಟನು. ಇತಿಹಾಸವು ಸಂಗತಿಗಳನ್ನು ಕಾಲದಲ್ಲಿ ಜೋಡಿಸುವಂತೆ ಭೂಗೋಳವು ಅವುಗಳನ್ನು ಸ್ಥಳದಲ್ಲಿ ಜೋಡಿಸುತ್ತದೆ ಎಂಬ ಅವನ ಅಭಿಪ್ರಾಯವು ಮುಂದೆ ಪ್ರಾದೇಶಿಕ ಭೂಗೋಳದ ಸಮರ್ಥಕರಿಗೆ ಆಧಾರವಾಯಿತು. ಅದೇ ಪರಂಪರೆಯಲ್ಲಿ ಕಾರ್ಲ್ ರಿಟ್ಟರ್ 1820ರಲ್ಲಿ ಬರ್ಲಿನ್ನಿನಲ್ಲಿ ಪ್ರಾಧ್ಯಾಪಕನಾದನು. ಅವನ ‘ಎರ್ಡ್‌ಕುಂಡೆ’ ಗ್ರಂಥಮಾಲೆಯು 1817ರಿಂದ 1859ರವರೆಗೆ ಬೆಳೆಯುತ್ತ ಹತ್ತೊಂಬತ್ತು ಸಂಪುಟಗಳಷ್ಟಾದರೂ ಆಫ್ರಿಕಾ ಮತ್ತು ಏಷ್ಯಾಗಳನ್ನು ದಾಟಿ ಹೋಗಲಿಲ್ಲ. ಭಾರತಕ್ಕೆ ಒಮ್ಮೆಯೂ ಬಾರದೆ ಭಾರತದ ಭೂಗೋಳವನ್ನು ವಿಸ್ತಾರವಾಗಿ ಬರೆದ ವಿದ್ವಾಂಸ ಈತ. ಜಗತ್ತಿನ ಪ್ರದೇಶಗಳನ್ನು ಗ್ರಂಥಾಲಯದಲ್ಲಿ ಕುಳಿತು ರಚಿಸುವ ಸಂಪ್ರದಾಯವು ಹೀಗೆ ವಿಶ್ವವಿದ್ಯಾನಿಲಯದಲ್ಲಿ ನೆಲೆಗೊಂಡಿತು.

ಫ್ರಾನ್ಸಿನ ‘ಪೇಯಿ’ ಮತ್ತು ಕನ್ನಡದ ‘ನಾಡು’

1870-71ರ ಯುದ್ಧದಲ್ಲಿ ಪ್ರಷ್ಯಾಕ್ಕೆ ಸೋತ ಫ್ರಾನ್ಸಿನಲ್ಲಿ ಭೂಗೋಳದ ಬೋಧನೆಗೆ ಹೊಸ ಮಹತ್ವ ಬಂದಿತು. ಪ್ರಷ್ಯಾ 1874ರಲ್ಲಿ ತನ್ನ ವಿಶ್ವವಿದ್ಯಾನಿಲಯಗಳಲ್ಲಿ ಭೂಗೋಳದ ಪೀಠಗಳನ್ನು ಸ್ಥಾಪಿಸಲು ನಿರ್ಧರಿಸಿತು. ಫ್ರಾನ್ಸಿನಲ್ಲಿ ಪಾಲ್ ವಿದಾಲ್ ದ ಲಾ ಬ್ಲಾಷ್ (1845-1918) ಈ ವಿಷಯಕ್ಕೆ ಬೇರೊಂದು ದಿಕ್ಕನ್ನು ತೋರಿಸಿದನು. 1903ರಲ್ಲಿ ಪ್ರಕಟವಾದ ಅವನ ಫ್ರಾನ್ಸಿನ ಭೂಗೋಳ ಚಿತ್ರಣವು ಆಡಳಿತದ ಜಿಲ್ಲೆಗಳನ್ನು ಬದಿಗಿರಿಸಿ, ಜನರು ತಾವೇ ಹೆಸರಿಟ್ಟು ಕರೆಯುವ ‘ಪೇಯಿ’ ಎಂಬ ಸಣ್ಣ ಸಣ್ಣ ನಾಡುಗಳನ್ನು ಆಧಾರವಾಗಿ ಇಟ್ಟುಕೊಂಡಿತು. ಮಣ್ಣು, ಬೆಳೆ, ಮನೆಯ ಕಟ್ಟಡ, ಆಹಾರ, ದುಡಿಮೆ ಇವೆಲ್ಲವೂ ತಲೆಮಾರುಗಳ ಕಾಲ ಒಂದರೊಡನೊಂದು ಹೊಂದಿಕೊಂಡು ಒಂದು ಜೀವನಕ್ರಮವನ್ನು ರೂಪಿಸುತ್ತವೆ. ನಿಸರ್ಗವು ಸಾಧ್ಯತೆಗಳನ್ನು ಒದಗಿಸುತ್ತದೆಯೇ ಹೊರತು ಆಜ್ಞೆ ಮಾಡುವುದಿಲ್ಲ ಎಂಬುದು ಅವನ ನಿಲುವು.

ಈ ಪರಿಕಲ್ಪನೆಯು ಕನ್ನಡ ನಾಡಿಗೆ ಅಪರಿಚಿತವಲ್ಲ. ಮಲೆನಾಡು, ಬಯಲುಸೀಮೆ, ಕರಾವಳಿ ಎಂಬ ಹೆಸರುಗಳನ್ನು ಯಾವ ಭೂಗೋಳಶಾಸ್ತ್ರಜ್ಞನೂ ಸೃಷ್ಟಿಸಲಿಲ್ಲ. ಶಾಸನಗಳಲ್ಲಿ ಬರುವ ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು, ಬನವಾಸಿ ಪನ್ನಿರ್ಛಾಸಿರ, ಗಂಗವಾಡಿ ತೊಂಬತ್ತಾರುಸಾಸಿರ ಮೊದಲಾದವು ಆಡಳಿತ ವಿಭಾಗಗಳಾಗಿದ್ದರೂ ಅವುಗಳಲ್ಲಿ ಕೆಲವು ನೆಲದ ಗುಣವನ್ನು ತಮ್ಮ ಹೆಸರಿನಲ್ಲಿಯೇ ಹೊತ್ತಿವೆ. ಬೆಳ್ವೊಲವೆಂದರೆ ಬೆಳೆಯ ಹೊಲವೆಂಬ ವಿವರಣೆ ರೂಢಿಯಲ್ಲಿದೆ. ಅಣ್ಣಿಗೇರಿ, ಗದಗ ಪರಿಸರದ ಎರೆನೆಲವನ್ನು ಕಂಡವರಿಗೆ ಆ ಹೆಸರಿನ ಔಚಿತ್ಯ ತಿಳಿಯುತ್ತದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡ ನಾಡಿಗೆ ಕಾವೇರಿ ಮತ್ತು ಗೋದಾವರಿಗಳ ಮೇರೆಯನ್ನು ಹೇಳಿದ ಮೇಲೆ, ಅದರೊಳಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ಭಾಗವನ್ನು ಕನ್ನಡದ ತಿರುಳೆಂದು ಗುರುತಿಸುತ್ತದೆ. ಹೊರಮೇರೆಯನ್ನು ಹೇಳಿ, ಅದರೊಳಗೊಂದು ತಿರುಳನ್ನು ಗುರುತಿಸುವ ಈ ವಿಧಾನವು ಪ್ರದೇಶಕ್ಕೆ ತಿರುಳು ಮತ್ತು ಅಂಚುಗಳಿರುತ್ತವೆ ಎಂಬ ಆಧುನಿಕ ಭೂಗೋಳದ ಕಲ್ಪನೆಗೆ ಸಮೀಪವಾದುದು. ಕವಿರಾಜಮಾರ್ಗಕಾರನು ಮಣ್ಣನ್ನೋ ಮಳೆಯನ್ನೋ ಅಲ್ಲದೆ ನುಡಿಯನ್ನು ಅಳತೆಗೋಲಾಗಿ ಬಳಸಿದನೆಂಬುದೇ ಇಲ್ಲಿನ ವ್ಯತ್ಯಾಸ.

ವಿದಾಲನ ಶಿಷ್ಯವರ್ಗವು ಸಣ್ಣ ನಾಡಿನ ಅಧ್ಯಯನದಿಂದ ಜಗತ್ತಿನ ಅಧ್ಯಯನಕ್ಕೆ ಸಾಗಿತು. ವಿದಾಲ್ ಯೋಜಿಸಿ, ಲೂಸಿಯಾ ಗಾಲ್ವಾ ಮುಂದುವರಿಸಿದ ವಿಶ್ವಭೂಗೋಳ ಗ್ರಂಥಮಾಲೆಯು 1927ರಿಂದ 1948ರವರೆಗೆ ಪ್ರಕಟವಾಯಿತು. ಇದರಲ್ಲಿ ಭಾರತವನ್ನು ಒಳಗೊಂಡ ಮಾನ್ಸೂನ್ ಏಷ್ಯಾದ ಸಂಪುಟಗಳನ್ನು ಜೂಲ್ ಸಿಯೋನ್ ಬರೆದನು. ಸಣ್ಣ ನಾಡಿನಲ್ಲಿ ನಡೆದು ನೋಡಿ ಬರೆಯುವುದು ಸಾಧ್ಯವಿತ್ತು. ಖಂಡದ ಅರ್ಧಭಾಗವನ್ನು ಹಾಗೆ ನೋಡಿ ಬರೆಯುವುದು ಸಾಧ್ಯವಿರಲಿಲ್ಲ. ಕಾಲೇಜಿನ ಜಾಗತಿಕ ಪ್ರಾದೇಶಿಕ ಭೂಗೋಳವನ್ನು ಮೊದಲಿನಿಂದ ಕಾಡಿದ ಇಕ್ಕಟ್ಟು ಇದೇ ಆಗಿದೆ.

ಹರ್ಬರ್ಟ್‌ಸನ್ನನ ಸ್ವಾಭಾವಿಕ ಪ್ರದೇಶಗಳು

ಭಾರತದ ತರಗತಿಗಳನ್ನು ನೇರವಾಗಿ ಪ್ರಭಾವಿಸಿದ ವಿಂಗಡಣೆ ಫ್ರಾನ್ಸಿನದಲ್ಲ, ಆಕ್ಸ್‌ಫರ್ಡಿನದು. ಹಾಲ್ಫರ್ಡ್ ಮ್ಯಾಕಿಂಡರ್ 1887ರಲ್ಲಿ ಆಕ್ಸ್‌ಫರ್ಡಿನಲ್ಲಿ ಭೂಗೋಳದ ರೀಡರ್ ಆದನು. 1899ರಲ್ಲಿ ಅಲ್ಲಿ ಭೂಗೋಳದ ಪ್ರತ್ಯೇಕ ಶಾಲೆ ಆರಂಭವಾಯಿತು. ಅಲ್ಲಿ ಬೋಧಕನಾಗಿದ್ದ ಎ.ಜೆ. ಹರ್ಬರ್ಟ್‌ಸನ್ 1905ರಲ್ಲಿ ಜಗತ್ತಿನ ಪ್ರಧಾನ ಸ್ವಾಭಾವಿಕ ಪ್ರದೇಶಗಳನ್ನು ಕುರಿತ ಪ್ರಬಂಧವನ್ನು ಲಂಡನ್ನಿನ ‘ಜಿಯಾಗ್ರಫಿಕಲ್ ಜರ್ನಲ್’ನಲ್ಲಿ ಪ್ರಕಟಿಸಿದನು. ರಾಜ್ಯಗಳ ಗಡಿಗಳನ್ನು ಬಿಟ್ಟು, ಭೂಸ್ವರೂಪ, ವಾಯುಗುಣ, ಸಸ್ಯವರ್ಗಗಳ ಹೊಂದಾಣಿಕೆಯ ಆಧಾರದ ಮೇಲೆ ಅವನು ಭೂಮಿಯನ್ನು ಮಾದರಿಗಳಾಗಿ ವಿಂಗಡಿಸಿದನು. ಖಂಡಗಳ ಪಶ್ಚಿಮ ಅಂಚಿನಲ್ಲಿ ಬೇಸಿಗೆ ಒಣಗಿ ಚಳಿಗಾಲದಲ್ಲಿ ಮಳೆ ಬರುವ ಮೆಡಿಟರೇನಿಯನ್ ಮಾದರಿ, ಪೂರ್ವ ಅಂಚಿನ ಚೀನಾ ಮಾದರಿ, ಉಷ್ಣವಲಯದ ಸಹರಾ ಮಾದರಿ ಮತ್ತು ಮಾನ್ಸೂನ್ ಮಾದರಿ ಮುಂತಾದವು ಇಂತಹವು.

ಈ ಕ್ರಮದ ಶೈಕ್ಷಣಿಕ ಲಾಭ ದೊಡ್ಡದು. ಮೆಡಿಟರೇನಿಯನ್ ತೀರವನ್ನು ಚೆನ್ನಾಗಿ ಅರಿತ ವಿದ್ಯಾರ್ಥಿಯು ಕ್ಯಾಲಿಫೋರ್ನಿಯಾ, ಮಧ್ಯ ಚಿಲಿ, ದಕ್ಷಿಣ ಆಫ್ರಿಕಾದ ಕೇಪ್, ನೈರುತ್ಯ ಆಸ್ಟ್ರೇಲಿಯಾ ಇವುಗಳಲ್ಲಿ ಏನು ಬೆಳೆಯಬಹುದೆಂದು ಊಹಿಸಬಲ್ಲವನಾಗುತ್ತಾನೆ. ಒಂದನ್ನು ತಿಳಿದು ನಾಲ್ಕನ್ನು ಅರಿಯುವ ಈ ಉಪಾಯದಿಂದ ನದಿ, ನಗರಗಳ ಹೆಸರುಗಳನ್ನು ಉರುಹೊಡೆಯುವ ಹಳೆಯ ಪದ್ಧತಿ ಹಿಂದೆ ಸರಿಯಿತು.

ಆದರೆ ಅಪಾಯವೂ ಇದರೊಳಗೇ ಇತ್ತು. ವಾಯುಗುಣದಿಂದ ಪ್ರದೇಶವನ್ನು ಗುರುತಿಸಿದ ಬಳಿಕ ಅಲ್ಲಿನ ಜನರ ಸ್ವಭಾವವನ್ನೂ ವಾಯುಗುಣದಿಂದಲೇ ವಿವರಿಸುವುದು ಸುಲಭದ ಹೆಜ್ಜೆಯಾಯಿತು. ಅಮೆರಿಕದ ಎಲ್ಸ್‌ವರ್ತ್ ಹಂಟಿಂಗ್‌ಟನ್ 1915ರಲ್ಲಿ ಪ್ರಕಟಿಸಿದ ನಾಗರಿಕತೆ ಮತ್ತು ವಾಯುಗುಣವನ್ನು ಕುರಿತ ಗ್ರಂಥವು ಸಮಶೀತೋಷ್ಣ ವಲಯಕ್ಕೆ ಚೈತನ್ಯವನ್ನೂ ಉಷ್ಣವಲಯಕ್ಕೆ ಜಡತೆಯನ್ನೂ ಹಂಚಿತು. ಇಂತಹ ವಿಚಾರವನ್ನು ಓದಿದ ಭಾರತದ ವಿದ್ಯಾರ್ಥಿಯು ತನ್ನ ನಾಡಿನ ಬಡತನಕ್ಕೆ ಭೂಕಂದಾಯವನ್ನೋ ನೇಕಾರಿಕೆಯ ಅವನತಿಯನ್ನೋ ಕಾರಣವೆಂದು ಯೋಚಿಸದೆ, ತಲೆಯ ಮೇಲಿನ ಬಿಸಿಲನ್ನೇ ಕಾರಣವೆಂದು ಒಪ್ಪುವ ಸಂಭವವಿತ್ತು. ಇತಿಹಾಸವು ಮಾಡಿದ್ದನ್ನು ಭೂಗೋಳದ ತಲೆಗೆ ಕಟ್ಟುವ ಈ ದೋಷವೇ ಪ್ರಾದೇಶಿಕ ಭೂಗೋಳದ ಮೇಲಿನ ಅತ್ಯಂತ ಗಂಭೀರ ಆರೋಪವಾಗಿದೆ.

ಭಾರತದ ಕಾಲೇಜುಗಳಲ್ಲಿ

ಭಾರತದಲ್ಲಿ ಭೂಗೋಳದ ಬೋಧನೆ ವಸಾಹತು ಶಿಕ್ಷಣದ ಜೊತೆಯಲ್ಲಿಯೇ ಬಂದಿತು. 1835ರ ತನ್ನ ಪ್ರಸಿದ್ಧ ಟಿಪ್ಪಣಿಯಲ್ಲಿ ಮೆಕಾಲೆಯು ಪುರಾಣಗಳ ಸಮುದ್ರಗಳ ಕಲ್ಪನೆಯನ್ನು ಲೇವಡಿ ಮಾಡಿದ್ದು, ದೇಶೀಯ ವಿದ್ಯೆ ನಿರರ್ಥಕವೆಂದು ತೋರಿಸುವುದಕ್ಕೆ. ಜಂಬೂದ್ವೀಪದ ಚಿತ್ರವನ್ನು ಭೂಗೋಳದ ಗೋಳಾಕೃತಿಯಿಂದ ಸ್ಥಾನಪಲ್ಲಟಗೊಳಿಸುವುದು ಹೊಸ ಶಾಲೆಗಳ ಕಾರ್ಯಗಳಲ್ಲೊಂದಾಯಿತು. ಆದರೆ ಶಾಲೆಯಲ್ಲಿ ಕಡ್ಡಾಯವಾಗಿದ್ದ ಈ ವಿಷಯವು ವಿಶ್ವವಿದ್ಯಾನಿಲಯದ ಮಟ್ಟಕ್ಕೆ ಏರಲು ಬಹುಕಾಲ ಬೇಕಾಯಿತು. ಅಲಿಗಢದಲ್ಲಿ 1924ರಲ್ಲಿ ಭೂಗೋಳ ವಿಭಾಗ ಆರಂಭವಾಯಿತು. ಮದರಾಸಿನಲ್ಲಿ 1926ರಲ್ಲಿ ಸ್ಥಾಪಿತವಾದ ಮದ್ರಾಸ್ ಜಿಯಾಗ್ರಫಿಕಲ್ ಅಸೋಸಿಯೇಷನ್ ತನ್ನ ನಿಯತಕಾಲಿಕದ ಮೂಲಕ ದಕ್ಷಿಣ ಭಾರತದ ಅಧ್ಯಾಪಕರಿಗೆ ವೇದಿಕೆಯಾಯಿತು. ಇದೇ ಮುಂದೆ ಇಂಡಿಯನ್ ಜಿಯಾಗ್ರಫಿಕಲ್ ಸೊಸೈಟಿ ಎನಿಸಿತು. ಕಲ್ಕತ್ತದಲ್ಲಿ ಸ್ನಾತಕೋತ್ತರ ವಿಭಾಗ 1941ರಲ್ಲಿ ಬಂದಿತು. 1946ರಲ್ಲಿ ವಾರಾಣಸಿಯಲ್ಲಿ ನ್ಯಾಷನಲ್ ಜಿಯಾಗ್ರಫಿಕಲ್ ಸೊಸೈಟಿ ಆಫ್ ಇಂಡಿಯಾ ಸ್ಥಾಪನೆಯಾಯಿತು.

ಈ ವಿಭಾಗಗಳ ವಿದ್ಯಾರ್ಥಿಗಳು ಓದಿದ ಪ್ರಮುಖ ಗ್ರಂಥಗಳು ಪರದೇಶದವರು ಬರೆದವು. ಎಲ್. ಡಡ್ಲಿ ಸ್ಟ್ಯಾಂಪ್ 1923ರಿಂದ 1926ರವರೆಗೆ ರಂಗೂನ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದು, ಲಂಡನ್ನಿಗೆ ಮರಳಿದ ಮೇಲೆ 1929ರಲ್ಲಿ ಏಷ್ಯಾದ ಪ್ರಾದೇಶಿಕ ಮತ್ತು ಆರ್ಥಿಕ ಭೂಗೋಳವನ್ನು ಪ್ರಕಟಿಸಿದರು. ರಂಗೂನಿನಲ್ಲಿಯೇ ಬೋಧಿಸಿದ್ದ ಓ.ಎಚ್.ಕೆ. ಸ್ಪೇಟ್ 1954ರಲ್ಲಿ ಭಾರತ ಮತ್ತು ಪಾಕಿಸ್ತಾನಗಳ ಸಾಮಾನ್ಯ ಹಾಗೂ ಪ್ರಾದೇಶಿಕ ಭೂಗೋಳವನ್ನು ಹೊರತಂದರು. ಸ್ಪೇಟರ ಗ್ರಂಥದಲ್ಲಿ ಹಳೆಯ ಜಡ ವಿವರಣೆಯಿಲ್ಲ. ಅವರು ಗ್ರಂಥವನ್ನು ಸಿದ್ಧಪಡಿಸುತ್ತಿದ್ದಾಗಲೇ ಉಪಖಂಡ ವಿಭಜನೆಯಾಗಿ, ವಿಷಯವಸ್ತುವಿನ ಮಧ್ಯದಲ್ಲಿಯೇ ಒಂದು ಅಂತರರಾಷ್ಟ್ರೀಯ ಗಡಿ ಎದ್ದುನಿಂತಿತು. ಪಂಜಾಬಿನ ಕಾಲುವೆಗಳು ಒಂದು ದೇಶದಲ್ಲಿ ಹುಟ್ಟಿ ಇನ್ನೊಂದರಲ್ಲಿ ನೀರುಣಿಸುವ ಸ್ಥಿತಿ, ಸೆಣಬಿನ ಹೊಲ ಒಂದೆಡೆ, ಗಿರಣಿ ಇನ್ನೊಂದೆಡೆ ಉಳಿದ ಬಂಗಾಳದ ಸ್ಥಿತಿ ಇವು ಸ್ವಾಭಾವಿಕ ಪ್ರದೇಶದ ಏಕತೆ ರಾಜಕೀಯದ ಮುಂದೆ ಎಷ್ಟು ದುರ್ಬಲವೆಂಬುದನ್ನು ತೋರಿಸಿದವು.

ಭಾರತೀಯ ವಿದ್ವಾಂಸರೂ ಈ ವೇಳೆಗೆ ತಮ್ಮ ನೆಲೆಯಿಂದ ಬರೆಯಲಾರಂಭಿಸಿದ್ದರು. ರಾಧಾಕಮಲ್ ಮುಖರ್ಜಿಯವರು 1926ರಲ್ಲಿಯೇ ಪ್ರಾದೇಶಿಕ ಸಮಾಜಶಾಸ್ತ್ರವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದ್ದರು. 1968ರಲ್ಲಿ ನವದೆಹಲಿಯಲ್ಲಿ ನಡೆದ 21ನೆಯ ಅಂತರರಾಷ್ಟ್ರೀಯ ಭೂಗೋಳ ಸಮ್ಮೇಳನವು ಏಷ್ಯಾದಲ್ಲಿ ನಡೆದ ಮೊದಲನೆಯ ಸಮ್ಮೇಳನವಾಗಿತ್ತು. ಅಂತರರಾಷ್ಟ್ರೀಯ ಭೂಗೋಳ ಒಕ್ಕೂಟದ ಅಧ್ಯಕ್ಷರಾಗಿದ್ದವರು ಎಸ್.ಪಿ. ಚಟರ್ಜಿ. ಆರ್.ಎಲ್. ಸಿಂಗ್ ಅವರ ಸಂಪಾದಕತ್ವದಲ್ಲಿ ವಾರಾಣಸಿಯಿಂದ 1971ರಲ್ಲಿ ಪ್ರಕಟವಾದ ಭಾರತದ ಪ್ರಾದೇಶಿಕ ಭೂಗೋಳವು ಭಾರತೀಯ ಅಧ್ಯಾಪಕರೇ ಸೇರಿ ತಮ್ಮ ದೇಶವನ್ನು ವಿಂಗಡಿಸಿ ವಿವರಿಸಿದ ಬೃಹತ್ ಪ್ರಯತ್ನ.

ಧಾರವಾಡದ ನಿದರ್ಶನ

ಪ್ರದೇಶಗಳು ಹೇಗೆ ರೂಪಾಂತರಗೊಳ್ಳುತ್ತವೆ ಎಂಬುದಕ್ಕೆ ಧಾರವಾಡ ಪರಿಸರವು ಉತ್ತಮ ನಿದರ್ಶನ. 1948ರಲ್ಲಿ ಸಿ.ಡಿ. ದೇಶಪಾಂಡೆ ಅವರ ‘ವೆಸ್ಟರ್ನ್ ಇಂಡಿಯಾ: ಎ ರೀಜನಲ್ ಜಿಯಾಗ್ರಫಿ’ ಎಂಬ ಗ್ರಂಥವು ಧಾರವಾಡದ ಸ್ಟೂಡೆಂಟ್ಸ್ ಓನ್ ಬುಕ್ ಡಿಪೋದಿಂದ ಪ್ರಕಟವಾಯಿತು. ಆಗ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು. ಆದುದರಿಂದ ಅವು ಪಶ್ಚಿಮ ಭಾರತದ ಭಾಗವೆನಿಸುವುದು ಸಹಜವಾಗಿತ್ತು. ಎಂಟೇ ವರ್ಷಗಳಲ್ಲಿ, 1956ರ ರಾಜ್ಯ ಪುನರ್ವಿಂಗಡಣೆಯಿಂದ ಇವು ವಿಶಾಲ ಮೈಸೂರು ರಾಜ್ಯವನ್ನು ಸೇರಿದವು. 1960ರ ದಶಕದ ಆರಂಭದಲ್ಲಿ ಎ.ಟಿ.ಎ. ಲರ್ಮಂತ್ ಮತ್ತು ಎಲ್.ಎಸ್. ಭಟ್ ಅವರು ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಆಶ್ರಯದಲ್ಲಿ ಸಿದ್ಧಪಡಿಸಿದ ಮೈಸೂರು ರಾಜ್ಯದ ಸಂಪನ್ಮೂಲ ಭೂಪಟ ಸಂಪುಟದಲ್ಲಿ ಹಾಗೂ ಅದರ ಜೊತೆಯ ಪ್ರಾದೇಶಿಕ ಸಮನ್ವಯ ಸಂಪುಟದಲ್ಲಿ ಇದೇ ನೆಲವು ಬೇರೆಯ ಸಮುದಾಯದೊಡನೆ ಕಾಣಿಸಿಕೊಂಡಿತು. ನೆಲ ಕದಲಲಿಲ್ಲ, ಪ್ರದೇಶ ಕದಲಿತು.

ನಿಸರ್ಗವನ್ನೇ ಆಧಾರವಾಗಿಟ್ಟುಕೊಂಡರೂ ಗೊಂದಲ ತಪ್ಪುವುದಿಲ್ಲ. ದಖನ್ನಿನ ಬಸಾಲ್ಟ್ ಶಿಲೆಯ ಹರವು ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಭಾಗಗಳವರೆಗೆ ಬಂದು ಮುಗಿಯುತ್ತದೆ. ಅದರ ದಕ್ಷಿಣಕ್ಕೆ ಹೆಚ್ಚು ಪ್ರಾಚೀನವಾದ ನೈಸ್ ಶಿಲೆಗಳೂ, ಧಾರವಾಡದ ಹೆಸರನ್ನೇ ಪಡೆದ ಪದರುಶಿಲೆಗಳೂ ಹರಡಿವೆ. ಶಿಲೆಯನ್ನು ಅಳತೆಗೋಲಾಗಿಟ್ಟುಕೊಂಡರೆ ಮೇರೆ ಇಲ್ಲಿಯೇ ಬೀಳಬೇಕು. ಆದರೆ ಎರೆಮಣ್ಣು ಈ ಗೆರೆಯನ್ನು ದಾಟಿ ನವಲಗುಂದ, ರೋಣ, ರಾಯಚೂರು ಬಯಲುಗಳವರೆಗೆ ಸಾಗುತ್ತದೆ. ಜೋಳ ಮತ್ತು ಹತ್ತಿಯ ಬೇಸಾಯವೂ ಅದರ ಜೊತೆಯಲ್ಲಿ ಸಾಗುತ್ತದೆ. ರೈತನು ಎರೆಹೊಲ, ಮಸಾರಿ ಹೊಲ ಎಂದು ಮಾಡುವ ಭೇದವು ಶಿಲಾಶಾಸ್ತ್ರಜ್ಞನ ಭೇದಕ್ಕಿಂತ ಬೇರೆಯದು. ಮಳೆಯನ್ನು ಅಳತೆಗೋಲಾಗಿಟ್ಟುಕೊಂಡರೆ ಧಾರವಾಡದ ಪಶ್ಚಿಮಕ್ಕೆ ಭತ್ತದ ಅರೆಮಲೆನಾಡು, ಪೂರ್ವಕ್ಕೆ ಒಣಬೇಸಾಯದ ಬಯಲು ಎಂದು ಉತ್ತರ-ದಕ್ಷಿಣವಾಗಿ ಮತ್ತೊಂದು ಗೆರೆ ಬೀಳುತ್ತದೆ. ಭಾಷೆಯ ಗೆರೆ ಇವು ಯಾವುದನ್ನೂ ಅನುಸರಿಸುವುದಿಲ್ಲ. ಇವುಗಳಲ್ಲಿ ಯಾವ ಗೆರೆಯೂ ಸುಳ್ಳಲ್ಲ. ಒಂದೊಂದೂ ಒಂದೊಂದು ಪ್ರಶ್ನೆಗೆ ಉತ್ತರ. ಒಂದು ಜಿಲ್ಲೆಯ ಪರಿಸರದಲ್ಲಿಯೇ ಹೀಗಿರುವಾಗ, ಖಂಡಗಳ ಮಟ್ಟದಲ್ಲಿ ಒಂದೇ ಗೆರೆಯನ್ನು ಅಂತಿಮವೆಂದು ಬೋಧಿಸುವುದು ಎಷ್ಟು ಅಪಾಯಕಾರಿ ಎಂಬುದು ವೇದ್ಯವಾಗುತ್ತದೆ.

ಆಕ್ಷೇಪಗಳು ಮತ್ತು ಹಿನ್ನಡೆ

ಅಮೆರಿಕದಲ್ಲಿ ರಿಚರ್ಡ್ ಹಾರ್ಟ್‌ಶೋರ್ನ್ 1939ರಲ್ಲಿ ಪ್ರಕಟಿಸಿದ ‘ದ ನೇಚರ್ ಆಫ್ ಜಿಯಾಗ್ರಫಿ’ ಗ್ರಂಥವು ಪ್ರದೇಶಗಳ ನಡುವಣ ಭೇದವನ್ನು ವಿವರಿಸುವುದೇ ಭೂಗೋಳದ ಮುಖ್ಯ ಕಾರ್ಯವೆಂದು ಪ್ರತಿಪಾದಿಸಿತು. ಆದರೆ ದಶಕ ಕಳೆಯುವಷ್ಟರಲ್ಲಿ ಈ ನಿಲುವಿನ ಮೇಲೆ ಎಲ್ಲ ಕಡೆಗಳಿಂದ ಪ್ರಹಾರವಾಯಿತು. 1948ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯವು ಭೂಗೋಳದ ಬೋಧನಾ ವ್ಯವಸ್ಥೆಯನ್ನು ಕೊನೆಗೊಳಿಸಲು ನಿರ್ಧರಿಸಿತು. ಹಣಕಾಸು, ವೈಯಕ್ತಿಕ ವೈಮನಸ್ಯ ಮುಂತಾದ ಕಾರಣಗಳಿದ್ದರೂ, ಈ ವಿಷಯಕ್ಕೆ ಖಚಿತವಾದ ಶಾಸ್ತ್ರೀಯ ತಿರುಳಿದೆಯೇ ಎಂಬ ಸಂದೇಹವೂ ಅದರ ಹಿಂದೆ ಕೆಲಸ ಮಾಡಿತ್ತು. 1951ರಲ್ಲಿ ಜಾರ್ಜ್ ಕಿಂಬಲ್ ಪ್ರದೇಶವೆಂಬ ಪರಿಕಲ್ಪನೆಯೇ ಅಸಮರ್ಪಕವೆಂದು ವಾದಿಸಿದನು: ಸ್ವಯಂಪೂರ್ಣವಾದ ಹಳ್ಳಿಗಾಡಿನ ಕಾಲಕ್ಕೆ ಹೊಂದಿದ್ದ ಈ ಕಲ್ಪನೆ ರೈಲು, ಕೈಗಾರಿಕೆ, ದೂರಸಂಪರ್ಕಗಳ ಕಾಲಕ್ಕೆ ಹೊಂದುವುದಿಲ್ಲವೆಂಬುದು ಅವನ ವಾದದ ಸಾರ. 1953ರಲ್ಲಿ ಫ್ರೆಡ್ ಷೆಫರ್‌ನ ಪ್ರಬಂಧವು ಲೇಖಕನ ಮರಣಾನಂತರ ಪ್ರಕಟವಾಗಿ, ಭೂಗೋಳವು ಒಂದೊಂದು ಸ್ಥಳದ ಅನನ್ಯತೆಯನ್ನು ವರ್ಣಿಸುವುದನ್ನು ಬಿಟ್ಟು ನಿಯಮಗಳನ್ನು ಅರಸಬೇಕೆಂದು ಒತ್ತಾಯಿಸಿತು. ಸಂಖ್ಯಾಶಾಸ್ತ್ರೀಯ ವಿಧಾನಗಳ ಅಲೆ ಇದನ್ನು ಅನುಸರಿಸಿತು. 1969ರಲ್ಲಿ ಪಶ್ಚಿಮ ಜರ್ಮನಿಯ ಕೀಲ್ ನಗರದ ಭೂಗೋಳ ಸಮಾವೇಶದಲ್ಲಿ ವಿದ್ಯಾರ್ಥಿಗಳೇ ದೇಶವಿವರಣೆಯ ಪದ್ಧತಿಯನ್ನು ಕೈಬಿಡಬೇಕೆಂದು ಆಗ್ರಹಿಸಿದರು.

ವಿದ್ಯಾರ್ಥಿಗಳ ಅಸಮಾಧಾನಕ್ಕೆ ಆಧಾರವಿಲ್ಲದಿರಲಿಲ್ಲ. ಸ್ಥಾನ, ಭೂಸ್ವರೂಪ, ವಾಯುಗುಣ, ಸಸ್ಯ, ಕೃಷಿ, ಖನಿಜ, ಕೈಗಾರಿಕೆ, ಜನಸಂಖ್ಯೆ, ನಗರಗಳು ಎಂಬ ಒಂದೇ ಚೌಕಟ್ಟಿನಲ್ಲಿ ಪ್ರತಿಯೊಂದು ದೇಶವನ್ನೂ ತುಂಬುವ ಪದ್ಧತಿಯು ಪಠ್ಯಪುಸ್ತಕವನ್ನು ದಾಸ್ತಾನು ಪಟ್ಟಿಯಾಗಿಸಿತ್ತು. ಎಲ್ಲ ಅಂಶಗಳೂ ಒಂದರ ಕೆಳಗೊಂದು ಇರುತ್ತಿದ್ದವು. ಒಂದಕ್ಕೊಂದು ಯಾವ ಸಂಬಂಧ ಎಂಬುದು ಮಾತ್ರ ಇರುತ್ತಿರಲಿಲ್ಲ. ಸಮನ್ವಯದ ಹೆಸರಿನಲ್ಲಿ ಹುಟ್ಟಿದ ಶಾಸ್ತ್ರವು ಸಮನ್ವಯವನ್ನೇ ಮರೆತಿತ್ತು.

ಯುದ್ಧ, ರಾಜಕಾರಣ ಮತ್ತು ಪಠ್ಯಪುಸ್ತಕದ ಅಧ್ಯಾಯಗಳು

ಸಂಶೋಧಕರು ಪ್ರದೇಶವನ್ನು ತಿರಸ್ಕರಿಸುತ್ತಿದ್ದ ಕಾಲದಲ್ಲಿಯೇ ಸರ್ಕಾರಗಳು ಅದನ್ನು ಬರಮಾಡಿಕೊಂಡವು. ಎರಡನೆಯ ಮಹಾಯುದ್ಧದಲ್ಲಿ ದೂರದೇಶಗಳನ್ನು ಬಲ್ಲವರ ಕೊರತೆಯನ್ನು ಅನುಭವಿಸಿದ ಅಮೆರಿಕವು ಪ್ರದೇಶ ಅಧ್ಯಯನ ಕೇಂದ್ರಗಳಿಗೆ ಪ್ರೋತ್ಸಾಹ ನೀಡಿತು. 1958ರ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆಯು ಅವುಗಳಿಗೆ ಧನಸಹಾಯದ ದಾರಿಯನ್ನು ತೆರೆಯಿತು. ಕಾಯಿದೆಯ ಹೆಸರಿನಲ್ಲಿಯೇ ‘ರಕ್ಷಣೆ’ ಎಂಬ ಪದವಿರುವುದು ಗಮನಿಸತಕ್ಕದ್ದು.

ಪಠ್ಯಪುಸ್ತಕದ ಹಲವು ಅಧ್ಯಾಯಗಳ ಹೆಸರುಗಳಿಗೂ ಇಂತಹದೇ ಪೂರ್ವಚರಿತ್ರೆಯಿದೆ. ‘ಮಿಡಲ್ ಈಸ್ಟ್’ ಎಂಬ ಪದವನ್ನು ಪ್ರಚಾರಕ್ಕೆ ತಂದವನು ಅಮೆರಿಕದ ನೌಕಾತಂತ್ರಜ್ಞ ಆಲ್ಫ್ರೆಡ್ ಮಹಾನ್, 1902ರಲ್ಲಿ. ಕನ್ನಡದಲ್ಲಿ ಇದನ್ನು ಮಧ್ಯಪ್ರಾಚ್ಯವೆಂದು ಅನುವಾದಿಸಲಾಗಿದೆ. ಮಂಗಳೂರಿನ ಅಥವಾ ಕಾರವಾರದ ತೀರದಲ್ಲಿ ನಿಂತವನಿಗೆ ಅರೇಬಿಯಾ ಇರುವುದು ಸೂರ್ಯ ಮುಳುಗುವ ದಿಕ್ಕಿನಲ್ಲಿ; ಆದರೂ ಅವನ ನುಡಿಯಲ್ಲಿ ಅದು ಪ್ರಾಚ್ಯ. ಭಾರತ ಸರ್ಕಾರವು ಬಳಸುವ ‘ಪಶ್ಚಿಮ ಏಷ್ಯಾ’ ಎಂಬ ಪದವೇ ಇಲ್ಲಿನ ನೆಲೆಗೆ ಸರಿಹೊಂದುವಂತಹುದು. ‘ಆಗ್ನೇಯ ಏಷ್ಯಾ’ ಎಂಬ ಪ್ರದೇಶನಾಮವು ವ್ಯಾಪಕ ಬಳಕೆಗೆ ಬಂದುದರಲ್ಲಿ 1943ರಲ್ಲಿ ರಚನೆಯಾದ, ಮೌಂಟ್‌ಬ್ಯಾಟನ್ನರ ನೇತೃತ್ವದ ಮಿತ್ರರಾಷ್ಟ್ರಗಳ ಸೇನಾ ಕಮಾಂಡಿನ ಪಾತ್ರ ದೊಡ್ಡದು. ಅದರ ಕೇಂದ್ರ ಕಚೇರಿ ಮೊದಲು ದೆಹಲಿಯಲ್ಲಿ, ಬಳಿಕ ಸಿಂಹಳದ ಕ್ಯಾಂಡಿಯಲ್ಲಿತ್ತು. 1967ರಲ್ಲಿ ಆಸಿಯಾನ್ ಒಕ್ಕೂಟವು ಆ ಹೆಸರನ್ನು ಅಲ್ಲಿನ ದೇಶಗಳದ್ದೇ ಆಗಿಸಿತು. ‘ತೃತೀಯ ಜಗತ್ತು’ ಎಂಬ ಪದವನ್ನು ಫ್ರಾನ್ಸಿನ ಆಲ್ಫ್ರೆಡ್ ಸೋವಿ 1952ರಲ್ಲಿ ಬಳಸಿದನು. ಸೋವಿಯತ್ ಒಕ್ಕೂಟವೆಂಬ ಅಧ್ಯಾಯವು 1991ರಲ್ಲಿ ಆ ರಾಷ್ಟ್ರದೊಡನೆಯೇ ಮುಗಿಯಿತು; ಅದರ ಮಧ್ಯ ಏಷ್ಯಾದ ಭಾಗಗಳನ್ನು ಯಾವ ಪ್ರದೇಶಕ್ಕೆ ಸೇರಿಸಬೇಕೆಂಬುದು ಪಠ್ಯರಚನಕಾರರಿಗೆ ಹೊಸ ಸಮಸ್ಯೆಯಾಯಿತು.

ಈ ಪಲ್ಲಟಗಳ ನಡುವೆಯೂ ಕಾಲೇಜಿನ ಮೊದಲ ವರ್ಷದ ವಿಷಯವಾಗಿ ಜಾಗತಿಕ ಪ್ರಾದೇಶಿಕ ಭೂಗೋಳವು ಅಮೆರಿಕದಲ್ಲಿ ಬಾಳಿತು. ಪ್ರೆಸ್ಟನ್ ಜೇಮ್ಸ್ 1964ರಲ್ಲಿ ‘ಒನ್ ವರ್ಲ್ಡ್ ಡಿವೈಡೆಡ್’ ಎಂಬ ಪಠ್ಯವನ್ನು ಪ್ರಕಟಿಸಿದರು. ಹಾರ್ಮ್ ಡ ಬ್ಲೇ ಅವರ ಪಠ್ಯವು 1971ರಿಂದ ಮೊದಲ್ಗೊಂಡು ಅನೇಕ ಆವೃತ್ತಿಗಳನ್ನು ಕಂಡಿತು. ಪ್ರತಿಯೊಂದು ಪ್ರದೇಶದ ವಿವರಣೆಯ ಜೊತೆಗೆ ಕೆಲವು ಪರಿಕಲ್ಪನೆಗಳನ್ನೂ ಕಲಿಸುವುದು ಅದರ ವಿಧಾನ. ಅದೇ ಅವಧಿಯಲ್ಲಿ ಸಂಶೋಧನಾ ವಿಭಾಗಗಳು ಮಾತ್ರ ಕುಗ್ಗುತ್ತಿದ್ದವು. ಮಿಷಿಗನ್, ಕೊಲಂಬಿಯ, ಹಾಗೂ 1903ರಿಂದ ನಡೆದುಬಂದಿದ್ದ ಚಿಕಾಗೊ ವಿಭಾಗಗಳು 1980ರ ದಶಕದಲ್ಲಿ ಮುಚ್ಚಿದವು.

ಪುನರ್ವಿಮರ್ಶೆ

1982ರಲ್ಲಿ ಜಾನ್ ಫ್ರೇಸರ್ ಹಾರ್ಟ್ ಪ್ರಾದೇಶಿಕ ಭೂಗೋಳವನ್ನು ಭೂಗೋಳಜ್ಞನ ಕಲೆಯ ಅತ್ಯುನ್ನತ ರೂಪವೆಂದು ಸಮರ್ಥಿಸಿದರು. ಹೊಸ ತಲೆಮಾರಿನ ವಿದ್ವಾಂಸರು ಈ ಸಮರ್ಥನೆಯನ್ನು ಯಥಾವತ್ತಾಗಿ ಒಪ್ಪದೆ ಪ್ರದೇಶವನ್ನು ಬೇರೆ ರೀತಿಯಲ್ಲಿ ಮರಳಿ ತಂದರು. ಬ್ರಿಟನ್ನಿನ ಡೊರೀನ್ ಮ್ಯಾಸಿ 1984ರ ತಮ್ಮ ಗ್ರಂಥದಲ್ಲಿ ಒಂದು ಪ್ರದೇಶದ ಸ್ವರೂಪವು ದೂರದ ಬಂಡವಾಳ ಮತ್ತು ಶ್ರಮವಿಭಜನೆಯ ಪದರುಗಳಿಂದ ರೂಪುಗೊಳ್ಳುವುದನ್ನು ತೋರಿಸಿದರು. 1991ರ ಪ್ರಬಂಧದಲ್ಲಿ, ಒಂದು ಸ್ಥಳದ ವೈಶಿಷ್ಟ್ಯವಿರುವುದು ಅದರ ಸುತ್ತಣ ಗೋಡೆಯಲ್ಲಲ್ಲ, ಹೊರಜಗತ್ತಿನೊಡನೆ ಅದಕ್ಕಿರುವ ಸಂಬಂಧಗಳ ವಿಶಿಷ್ಟ ಸಂಗಮದಲ್ಲಿ ಎಂದು ವಾದಿಸಿದರು. ಫಿನ್ಲೆಂಡಿನ ಆನ್ಸಿ ಪಾಸಿ 1986ರಲ್ಲಿ ಪ್ರದೇಶಗಳು ಹೆಸರು, ಗಡಿ, ಸಂಸ್ಥೆ, ಜನಪ್ರಜ್ಞೆಗಳ ಮೂಲಕ ಕಾಲಕ್ರಮದಲ್ಲಿ ಸ್ಥಾಪಿತವಾಗುವ ಪ್ರಕ್ರಿಯೆಯನ್ನು ವಿವರಿಸಿದರು. 1997ರಲ್ಲಿ ಮಾರ್ಟಿನ್ ಲೂಯಿಸ್ ಮತ್ತು ಕ್ಯಾರೆನ್ ವ್ಹೀಗೆನ್ ಖಂಡಗಳೆಂಬ ವಿಭಾಗವೇ ಐತಿಹಾಸಿಕ ಕಲ್ಪನೆಯೆಂದು ಪ್ರತಿಪಾದಿಸಿದರು. ಯುರೋಪು ಏಷ್ಯಾದಿಂದ ಬೇರೆಯ ಖಂಡವೆನಿಸುವುದಕ್ಕೆ ಸಮುದ್ರದ ಆಧಾರವಿಲ್ಲ, ಸಂಪ್ರದಾಯದ ಆಧಾರವಷ್ಟೇ ಇದೆ.

ಪಾಸಿಯವರ ವಿವರಣೆ ಕರ್ನಾಟಕಕ್ಕೂ ಅನ್ವಯಿಸುತ್ತದೆ. ಏಕೀಕರಣ ಚಳವಳಿ, 1956ರ ಪುನರ್ವಿಂಗಡಣೆ, 1973ರ ನಾಮಕರಣ, ಶಾಲೆಯ ಗೋಡೆಯ ಭೂಪಟ ಇವೆಲ್ಲವುಗಳ ಮೂಲಕ ಕರ್ನಾಟಕವೆಂಬ ಪ್ರದೇಶವು ಜನಮನದಲ್ಲಿ ನೆಲೆಗೊಂಡಿತು. ಕವಿರಾಜಮಾರ್ಗದ ನಾಡು ಮತ್ತು ಇಂದಿನ ರಾಜ್ಯದ ನಡುವೆ ಇರುವುದು ಕೇವಲ ನೈಸರ್ಗಿಕ ನಿರಂತರತೆಯಲ್ಲ; ಮಾನವ ಪ್ರಯತ್ನದ ದೀರ್ಘ ಚರಿತ್ರೆ.

ಉಪಸಂಹಾರ

ಒಟ್ಟಿನಲ್ಲಿ, ಪ್ರಾದೇಶಿಕ ಭೂಗೋಳದ ವಿರುದ್ಧ ಬಂದ ಆಕ್ಷೇಪಗಳಲ್ಲಿ ಹೆಚ್ಚಿನವು ಸತ್ಯವಾಗಿದ್ದವು. ಅದು ನಿಯಮಗಳನ್ನು ಕೊಡಲಿಲ್ಲ; ಸಾಮ್ರಾಜ್ಯಗಳ ಮತ್ತು ಸೇನೆಗಳ ವಿಂಗಡಣೆಯನ್ನು ಪ್ರಶ್ನಿಸದೆ ಸ್ವೀಕರಿಸಿತು; ಅನೇಕ ವೇಳೆ ಪಟ್ಟಿಯಾಗಿ ಇಳಿಯಿತು. ಆದರೂ ಅದು ತರಗತಿಯಲ್ಲಿ ಉಳಿದುದಕ್ಕೆ ಕಾರಣ, ಸಂಶೋಧಕನ ಅಗತ್ಯಕ್ಕಿಂತ ವಿದ್ಯಾರ್ಥಿಯ ಅಗತ್ಯ ಬೇರೆಯಾಗಿರುವುದು. ಸಂಶೋಧಕನು ಒಂದು ಅಂಶವನ್ನು ಉಳಿದವುಗಳಿಂದ ಬೇರ್ಪಡಿಸಿ ನೋಡಬಲ್ಲನು. ಹದಿನೆಂಟರ ವಯಸ್ಸಿನ ವಿದ್ಯಾರ್ಥಿಗಾದರೋ ಮಳೆ, ಮಣ್ಣು, ಸಾಲ, ಜಾತಿ, ಬಂದರು, ಬೆಲೆ ಇವೆಲ್ಲವೂ ಒಂದೇ ನೆಲದ ಮೇಲೆ ಒಂದೇ ಜನರ ಬಾಳಿನಲ್ಲಿ ಹೇಗೆ ಕೂಡುತ್ತವೆ ಎಂಬುದನ್ನು ಒಮ್ಮೆಯಾದರೂ ಇಡಿಯಾಗಿ ಕಾಣುವ ಅವಕಾಶ ಬೇಕು. ಬೇರೆ ಯಾವ ಪತ್ರಿಕೆಯೂ ಅದನ್ನು ಒದಗಿಸುವುದಿಲ್ಲ.

ಕನ್ನಡ ಮಾಧ್ಯಮದ ವಿದ್ಯಾರ್ಥಿಯ ದೃಷ್ಟಿಯಿಂದ ಈ ಮಾತಿಗೆ ಹೆಚ್ಚಿನ ಅರ್ಥವಿದೆ. ಶಿವರಾಮ ಕಾರಂತರ ‘ಬಾಲಪ್ರಪಂಚ’ದಿಂದ ಮೊದಲ್ಗೊಂಡು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದವರೆಗೆ ಜಗತ್ತನ್ನು ಕನ್ನಡದಲ್ಲಿ ಅರಿಯುವ ಪ್ರಯತ್ನಗಳು ನಡೆದಿವೆ. ಆದರೆ ಪದವಿಯ ಪಠ್ಯದಲ್ಲಿ ಮಧ್ಯಪ್ರಾಚ್ಯ, ದೂರಪ್ರಾಚ್ಯ ಮುಂತಾದ ಪದಗಳು ಲಂಡನ್ನಿನ ಕಿಟಕಿಯಿಂದ ಕಂಡ ಜಗತ್ತನ್ನು ಕನ್ನಡದಲ್ಲಿ ಹೇಳುತ್ತಲೇ ಇವೆ. ದೇಶಗಳ ವಿವರವನ್ನು ಇಂದು ಯಾರಾದರೂ ಕ್ಷಣಮಾತ್ರದಲ್ಲಿ ಪಡೆಯಬಹುದಾದುದರಿಂದ, ವಿವರವನ್ನು ತುಂಬಿಸುವ ಕೆಲಸ ಈ ಪತ್ರಿಕೆಗೆ ಇನ್ನು ಬೇಕಾಗಿಲ್ಲ. ಪ್ರತಿಯೊಂದು ಪ್ರದೇಶದ ಮೇರೆಯನ್ನು ಕಲಿಸುವಾಗ ಅದನ್ನು ಎಳೆದವರ ಚರಿತ್ರೆಯನ್ನೂ ಕಲಿಸುವುದು, ಮತ್ತು ವಿದ್ಯಾರ್ಥಿಯು ತನ್ನ ಎರೆಹೊಲ, ಮಸಾರಿ ಹೊಲಗಳ ಭೇದದಿಂದ ಆರಂಭಿಸಿ ಜಗತ್ತನ್ನು ವಿಂಗಡಿಸಿ ನೋಡುವಂತೆ ಮಾಡುವುದು ಅದರ ಮುಂದಿರುವ ಕಾರ್ಯ. ಗೆರೆಗಳಿಲ್ಲದೆ ಭೂಪಟವಿಲ್ಲ. ಆ ಗೆರೆಯನ್ನು ಎಳೆದ ಕೈ ಯಾವುದೆಂದು ತಿಳಿದವನು ಮಾತ್ರ ಭೂಪಟವನ್ನು ಓದಬಲ್ಲನು.